ಕಾಯುವ ಕಾಲದಲ್ಲಿ ವಿಶ್ವಾಸ ಉಳಿಸಿಕೊಳ್ಳಲು ಒಂದು ಕ್ರಮ

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬೇಳ, ಬದಿಯಡ್ಕ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಪ್ರಾರ್ಥನೆ ಮಾಡ್ತಾ ಇದ್ದೇವೆ, ಎಂತದೂ ಆಗ್ತಾ ಇಲ್ಲ. ಇನ್ನು ನಂಬುವುದು ಹೇಗೆ?" ಒಬ್ಬರಿಗೆ ಗಲ್ಫ್ ವೀಸಾ ಬಂದಿಲ್ಲ. ಇನ್ನೊಬ್ಬರ ಹೆಸರು ಕೇರಳದ ಸರಕಾರಿ ನೇಮಕಾತಿಯ ಪಿಎಸ್‌ಸಿ ರ‍್ಯಾಂಕ್ ಲಿಸ್ಟ್‌ನಲ್ಲಿದೆ, ಆದರೆ ಕನ್ನಡ ಮಾಧ್ಯಮದ ಹುದ್ದೆಗೆ ಕರೆ ಇಲ್ಲ. ಮಗಳಿಗೆ ಸಂಬಂಧ ಕೂಡಿ ಬರುತ್ತಿಲ್ಲ, ಮದುವೆಯಾಗಿ ವರ್ಷಗಳಾದರೂ ಮಗುವಿಲ್ಲ, ಜಾಗದ ಕೇಸು ಮುಗಿಯುತ್ತಿಲ್ಲ, ಮಂಗಳೂರಿನ ಆಸ್ಪತ್ರೆಗೆ ಓಡಾಡಿದರೂ ಕಾಯಿಲೆ ಬಿಡುತ್ತಿಲ್ಲ. ಕಾರಣ ಏನೇ ಇರಲಿ, ಮಾಡಬೇಕಾದ ಕೆಲಸಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಈ ಕ್ರಮ ಕಥೋಲಿಕರಿಗೂ ಆಗುತ್ತದೆ, ಸಿಎಸ್‌ಐ ಮತ್ತಿತರ ಸಭೆಗಳವರಿಗೂ ಆಗುತ್ತದೆ.

ಮೊದಲೇ ಒಂದು ಮಾತು. ತಡವಾಯಿತು ಎಂಬ ಒಂದೇ ಕಾರಣಕ್ಕೆ ವಿಶ್ವಾಸ ಕುಸಿಯುವುದು ಕಡಿಮೆ. ದೇವರು ಕೊಡದ ತಾರೀಕನ್ನು ದೇವರೇ ಕೊಟ್ಟದ್ದೆಂದು ನಂಬಿ ಕೂತವರು, ಆ ತಾರೀಕು ದಾಟಿದಾಗ ಕುಸಿಯುತ್ತಾರೆ. ಮುಂದಿನ ಹಂತಗಳಲ್ಲಿ ಹೆಚ್ಚಿನವು ಈ ಒಂದು ಅಪಾಯ ತಪ್ಪಿಸುವುದಕ್ಕಾಗಿಯೇ ಇವೆ.

ಬೇಕಾಗುವುದು: ಅಚ್ಚಾದ ಬೈಬಲ್, 200 ಪುಟದ ಒಂದು ನೋಟ್‌ಬುಕ್, ದಿನಕ್ಕೆ 20 ನಿಮಿಷ, ಗುಟ್ಟು ಕಾಯಬಲ್ಲ ಒಬ್ಬ ಮನುಷ್ಯ. ಮೊಬೈಲಿನ ಬೈಬಲ್ ಬೇಡ ಎಂದಲ್ಲ. ಆದರೆ ವೀಸಾದ ಮೆಸೇಜಿಗೆ ಕಾಯುತ್ತಿರುವವರ ಕೈಯಲ್ಲಿ ಮೊಬೈಲ್ ಇದ್ದರೆ ಮೂರನೇ ವಚನಕ್ಕೇ ಬೆರಳು ವಾಟ್ಸಾಪಿಗೆ ಹೋಗುತ್ತದೆ.

1. ಏನಕ್ಕೆ ಕಾಯುತ್ತಿದ್ದೀರೆಂದು ಬರೆದು, ಮೂರು ಪಾಲು ಮಾಡಿ

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಒಂದೇ ವಾಕ್ಯ ಬರೆಯಿರಿ. "ಎಲ್ಲ ಸರಿಯಾಗಲಿ" ಎಂದರೆ ಸಾಲದು. "ನನಗೆ ಶಾಲೆಯಲ್ಲಿ ಖಾಯಂ ಕೆಲಸ ಸಿಗಬೇಕು" ಎಂಬಷ್ಟು ಸ್ಪಷ್ಟವಾಗಿರಲಿ. ಅದರ ಕೆಳಗೆ ಮೂರು ಕಲಂ ಹಾಕಿ.

ಮೊದಲನೆಯದು ವಾಗ್ದಾನ: ದೇವರು ತನ್ನವರೆಲ್ಲರಿಗೂ ಕೊಟ್ಟಿರುವ ಮಾತು. ಕೈಬಿಡುವುದಿಲ್ಲ, ಪಾಪ ಕ್ಷಮಿಸುತ್ತೇನೆ, ಸಂಕಟದಲ್ಲಿ ಜೊತೆಗಿರುತ್ತೇನೆ ಎಂಬಂಥವು. ಎರಡನೆಯದು ಬಿನ್ನಹ: ನೀವು ಕೇಳುತ್ತಿರುವುದು. ಕೇಳುವುದಕ್ಕೆ ನಿಮಗೆ ಪೂರ್ಣ ಸ್ವಾತಂತ್ರ್ಯವಿದೆ, ಕೊಟ್ಟೇ ಕೊಡುತ್ತೇನೆಂದು ಮಾತ್ರ ಎಲ್ಲೂ ಹೇಳಿಲ್ಲ. ಮೂರನೆಯದು ಊಹೆ: "ಈಸ್ಟರಿನೊಳಗೆ ಆಗುತ್ತದೆ", "ಮೂವತ್ತು ದಾಟುವ ಮೊದಲು ಆಗುತ್ತದೆ", "ಇಷ್ಟು ಸೇವೆ ಮಾಡಿದ್ದೇನಲ್ಲ, ನನಗೆ ಸಿಗಲೇಬೇಕು".

ಹೆಚ್ಚಿನವರ ಮೂರನೇ ಕಲಂ ಉದ್ದವಾಗಿರುತ್ತದೆ. ಅದರಲ್ಲಿರುವ ಪ್ರತಿಯೊಂದು ತಾರೀಕಿನ ಎದುರು, ಅದು ಎಲ್ಲಿಂದ ಬಂತೆಂದು ಬರೆಯಿರಿ. ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದ್ದೇ? ಕನಸೇ? ಹೊಸ ವರ್ಷದ ರಾತ್ರಿ ಚೀಟಿ ಎತ್ತಿದಾಗ ಬಂದ ವಚನವೇ?

ಇಲ್ಲಿ ಯೆರೆಮೀಯನ 28 ಮತ್ತು 29ನೇ ಅಧ್ಯಾಯಗಳನ್ನು ಒಟ್ಟಿಗೆ ಓದಲೇಬೇಕು. 29:11 ನಮ್ಮ ಮನೆಗಳ ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ, ಮದುವೆಯ ಉಡುಗೊರೆಯ ಫ್ರೇಮಿನಲ್ಲಿ ಎಲ್ಲ ಕಡೆ ಇದೆ: ನಿಮಗೆ ಹಿತವಾದ ಯೋಜನೆಯೇ ದೇವರಲ್ಲಿದೆ ಎಂಬ ಮಾತು. ಅದರ ಹಿಂದಿನ ವಚನ, 29:10, ಯಾವ ಫ್ರೇಮಿನಲ್ಲೂ ಇಲ್ಲ. ಬಾಬೆಲಿಗೆ ಸೆರೆಹೋದವರಿಗೆ ಅಲ್ಲಿ 70 ವರ್ಷ ತುಂಬಬೇಕು ಎನ್ನುತ್ತದೆ ಅದು. ಅಂದರೆ ಪ್ರವಾದಿ ಯೆರೆಮೀಯ ಅವರಿಗೆ ಬರೆದ ಈ ಪತ್ರ ಕೈಗೆ ಬಂದಾಗ ನಡುವಯಸ್ಸಿನಲ್ಲಿದ್ದವರು ಊರಿಗೆ ಮರಳುವುದಿಲ್ಲ, ಮರಳುವುದು ಮಕ್ಕಳು ಮೊಮ್ಮಕ್ಕಳು. ಅದಕ್ಕೂ ಒಂದು ಅಧ್ಯಾಯ ಹಿಂದೆ ಹನನ್ಯ ಎಂಬವನು ದೇವರ ಹೆಸರು ಹೇಳಿ, ಎರಡೇ ವರ್ಷದಲ್ಲಿ ಎಲ್ಲ ವಾಪಸು ಬರುತ್ತದೆ ಎಂದು ಜನರ ಎದುರು ಸಾರಿದ್ದ. ಕೇಳಿದವರಿಗೆ ಯಾವುದು ಹಿತವಾಗಿತ್ತೆಂದು ಹೇಳಬೇಕಾಗಿಲ್ಲ. ಆ ಎರಡು ವರ್ಷದ ಮಾತು ಸುಳ್ಳಾಗಿತ್ತು. 70 ವರ್ಷ ಹೇಳಿದ ಪತ್ರವೇ ಮನೆ ಕಟ್ಟಿರಿ, ತೋಟ ಮಾಡಿ ಫಲ ತಿನ್ನಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದೂ ಹೇಳಿತು.

ಹಾಗಾಗಿ ನಿಮ್ಮ ಮೂರನೇ ಕಲಂನ ತಾರೀಕುಗಳನ್ನು ಒಂದೊಂದಾಗಿ ಹೊಡೆದುಹಾಕಿ. ಬಿನ್ನಹವನ್ನು ಹೊಡೆಯಬೇಡಿ. ನೋಯುತ್ತದೆ ಎಂದು ಬಿನ್ನಹವನ್ನೂ ಅಳಿಸಿ, "ನನಗೇನೂ ಬೇಡ, ದೇವರ ಚಿತ್ತ" ಎಂದು ಬೇಗ ಬೇಗ ಹೇಳಿಬಿಡುವವರಿದ್ದಾರೆ. ಗೆತ್ಸೆಮನೆ ತೋಟದಲ್ಲಿ ಯೇಸು ಮೊದಲು ತಾನು ಬಯಸಿದ್ದನ್ನು ಕೇಳಿದರು, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟರು. ಆ ಕ್ರಮವನ್ನು ತಿರುವು ಮುರುವು ಮಾಡಬೇಡಿ.

2. ನಿಮ್ಮ ಪಾಲಿನ ಕೆಲಸವನ್ನು ಬೇರೆ ಪುಟದಲ್ಲಿ ಬರೆಯಿರಿ

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಯಾಕೋಬನ ಪತ್ರ (5:7) ಮುಂಗಾರು ಹಿಂಗಾರು ಮಳೆಗೆ ಕಾಯುವ ರೈತನನ್ನು ತೋರಿಸುತ್ತದೆ. ನಮ್ಮಲ್ಲಿ ಅಡಿಕೆ ಸಸಿ ನೆಟ್ಟವರು ಮೊದಲ ಗೊನೆಗೆ ಐದಾರು ವರ್ಷ ಕಾಯುತ್ತಾರೆ. ಆ ವರ್ಷಗಳಲ್ಲಿ ನೀರು, ಗೊಬ್ಬರ, ಬಿಸಿಲು ತಾಗದ ಹಾಗೆ ನೆರಳು ಯಾವುದನ್ನೂ ಬಿಡುವುದಿಲ್ಲ. ಆದರೆ ಹಿಂಗಾರ (ಅಡಿಕೆಯ ಹೂಗೊಂಚಲು) ಹೊರಡಲಿ ಎಂದು ಗರಿಯನ್ನು ಎಳೆಯುವುದೂ ಇಲ್ಲ.

ನಿಮ್ಮ ಪಟ್ಟಿ ಹೀಗಿರಬಹುದು:

ಪಿಎಸ್‌ಸಿಗೆ ಕಾಯುವವರು ರ‍್ಯಾಂಕ್ ಲಿಸ್ಟ್ ಯಾವತ್ತು ಮುಗಿಯುತ್ತದೆ ನೋಡಿ ಬರೆದಿಡಿ. ಅದು ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಮುಗಿಯುವ ತನಕ ಕಾದು ಆಮೇಲೆ ಓದು ಶುರುಮಾಡುವ ಬದಲು ಮುಂದಿನ ಪರೀಕ್ಷೆಗೆ ಈಗಲೇ ಅರ್ಜಿ ಹಾಕಿ. ಅದು ಅವಿಶ್ವಾಸ ಆಗುವುದಿಲ್ಲ.

ಮಗುವಿಗಾಗಿ ಕಾಯುವವರು ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ವೈದ್ಯರನ್ನು ಕಾಣಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಪರೀಕ್ಷೆ ಇಬ್ಬರಿಗೂ ಆಗಬೇಕು. ಹೆಂಡತಿಯ ತಲೆಯ ಮೇಲೆ ಮಾತ್ರ ಕೈಯಿಟ್ಟು ಪ್ರಾರ್ಥಿಸಿ, ಗಂಡನನ್ನು ಪರೀಕ್ಷೆಗೂ ಕಳಿಸದ ಮನೆಗಳು ಇನ್ನೂ ಇವೆ. ಅದು ಅನ್ಯಾಯ.

ಕೇಸು ಇರುವವರು ಮುಂದಿನ ತಾರೀಕು, ವಕೀಲರು ಕೇಳಿದ ದಾಖಲೆ ಇವೆರಡನ್ನು ಬರೆಯಿರಿ.

ಪಟ್ಟಿಯ ಕೆಲಸ ಮುಗಿದ ದಿನ ಪುಟ ಮುಚ್ಚಿ. ದಿನಕ್ಕೆ ಹತ್ತು ಸಲ ವೆಬ್‌ಸೈಟ್ ತೆರೆದು ನೋಡುವುದು ನಿಮ್ಮ ಪಾಲಿನ ಕೆಲಸದಲ್ಲಿ ಸೇರುವುದಿಲ್ಲ. ವಾರಕ್ಕೊಂದು ದಿನ, ಒಂದು ಹೊತ್ತು ಇಟ್ಟುಕೊಳ್ಳಿ.

3. ದಿನದ 20 ನಿಮಿಷ

ಹೊತ್ತು ಯಾವುದಾದರೂ ಆದೀತು, ದಿನವೂ ಒಂದೇ ಹೊತ್ತಾಗಿರಲಿ.

ಮೊದಲ 3 ನಿಮಿಷ ಸುಮ್ಮನಿರಿ. ಮುಂದಿನ 7 ನಿಮಿಷ ಒಂದು ಕೀರ್ತನೆ, ಎರಡು ಸಲ, ಎರಡನೇ ಸಲ ಬಾಯಿಬಿಟ್ಟು. 5 ನಿಮಿಷ ಮನಸ್ಸಿನಲ್ಲಿರುವುದನ್ನು ಬರೆಯಿರಿ. 2 ನಿಮಿಷ ನಿಮ್ಮ ಬಿನ್ನಹ, ಒಂದೇ ವಾಕ್ಯದಲ್ಲಿ. ಉಳಿದ 3 ನಿಮಿಷ ನಿಮ್ಮ ಹಾಗೆಯೇ ಕಾಯುತ್ತಿರುವ ಇನ್ನೊಬ್ಬರಿಗಾಗಿ, ಹೆಸರು ಹೇಳಿ.

ಬಿನ್ನಹಕ್ಕೆ ಎರಡೇ ನಿಮಿಷ ಯಾಕೆ? ಗಂಟೆಗಟ್ಟಲೆ ಅದನ್ನೇ ಬೇಡಿದರೆ ಪ್ರಾರ್ಥನೆ ಹೋಗಿ ಚಿಂತೆ ಉಳಿಯುತ್ತದೆ, ಎದ್ದಾಗ ಕೂತಾಗಿನದಕ್ಕಿಂತ ಹೆಚ್ಚು ಭಯವಾಗಿರುತ್ತದೆ. ಬೇಥಾನ್ಯದ ಅಕ್ಕತಂಗಿಯರು ತಮ್ಮ ಸಹೋದರ ಲಾಜರನ ಬಗ್ಗೆ ಯೇಸುವಿಗೆ ಹೇಳಿಕಳಿಸಿದ್ದು ಎಷ್ಟು ಚಿಕ್ಕದು ನೋಡಿ (ಯೋಹಾನ 11:3): ನೀವು ಪ್ರೀತಿಸುವವನಿಗೆ ಹುಷಾರಿಲ್ಲ. ಬನ್ನಿ ಎಂದೂ ಹೇಳಲಿಲ್ಲ, ಹೀಗೆ ಮಾಡಿ ಎಂದೂ ಹೇಳಲಿಲ್ಲ. ಯೇಸು ಅವರನ್ನು ಪ್ರೀತಿಸುತ್ತಿದ್ದರು ಎಂದು ಬರೆದ ಕೂಡಲೇ, ಇನ್ನೂ ಎರಡು ದಿನ ಇದ್ದಲ್ಲೇ ಉಳಿದರು ಎಂದೂ ಬರೆದಿದೆ. ತಡವಾದದ್ದನ್ನು ಪ್ರೀತಿ ಇಲ್ಲದ್ದಕ್ಕೆ ಗುರುತು ಎಂದು ಲೆಕ್ಕ ಹಾಕುವವರು ಈ ಎರಡು ವಚನಗಳನ್ನು (11:5-6) ನೋಟ್‌ಬುಕ್‌ನ ಒಳರಟ್ಟಿನಲ್ಲಿ ಬರೆದಿಟ್ಟುಕೊಳ್ಳಿ.

ಮನೆಯಲ್ಲಿ ಸಂಜೆ ಜಪಮಾಲೆ ಅಥವಾ ಕುಟುಂಬ ಪ್ರಾರ್ಥನೆ ಇದ್ದರೆ ಅದು ನಡೆಯುತ್ತಲೇ ಇರಲಿ. ಈ 20 ನಿಮಿಷ ಅದಕ್ಕೆ ಬದಲಿಯಾಗಬಾರದು. ಎಲ್ಲರೆದುರು ಹೇಳಲಾಗದ್ದನ್ನು ಹೇಳಲು ಇದೊಂದು ಜಾಗ.

4. ದೂರು ಹೇಳಲು ಕಲಿಯಿರಿ

ಕಾಯುವವರು ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದೇ. ದೇವರ ಮುಂದೆ ದೂರಿದರೆ ತಪ್ಪಾಗುತ್ತದೆ ಎಂಬ ಹೆದರಿಕೆ. ಒಳಗೆ ಸಿಟ್ಟು ಕುದಿಯುತ್ತಿರುವಾಗ ಬಾಯಲ್ಲಿ ಸ್ತೋತ್ರ ಮಾತ್ರ ಹೇಳಿಕೊಂಡು ಬಂದವರು ಸ್ವಲ್ಪ ಕಾಲದಲ್ಲಿ ಪ್ರಾರ್ಥನೆಯನ್ನೇ ಬಿಡುತ್ತಾರೆ. ಪ್ರಾರ್ಥನೆಯಲ್ಲಿ ಸುಳ್ಳು ಹೇಳಿ ಹೇಳಿ ದಣಿವಾಗುತ್ತದೆ.

ಬೈಬಲಿನ ಕೀರ್ತನೆಗಳಲ್ಲಿ ಪ್ರಲಾಪ, ಅಂದರೆ ದುಃಖವನ್ನು ದೇವರ ಮುಂದೆ ತೋಡಿಕೊಳ್ಳುವ ಹಾಡು, ದೊಡ್ಡ ಪಾಲು. 13ನೇ ಕೀರ್ತನೆಯಿಂದ ಶುರುಮಾಡಿ. ಆರೇ ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಎಂಬ ಕೇಳಿಕೆ ನಾಲ್ಕು ಸಲ ಬರುತ್ತದೆ, ನನ್ನನ್ನು ಮರೆತೇ ಬಿಟ್ಟಿರೋ ಎಂದು ನೇರವಾಗಿ ದೇವರನ್ನೇ ಕೇಳುತ್ತದೆ. 3 ಮತ್ತು 4ರಲ್ಲಿ ಬಿನ್ನಹ. 5 ಮತ್ತು 6ರಲ್ಲಿ ಭರವಸೆ. ಇದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ: ದೇವರನ್ನು ಕರೆಯುವ ಒಂದು ಸಾಲು, ದೂರು ಎರಡು ಸಾಲು, ಬಿನ್ನಹ ಒಂದು ಸಾಲು, ಇದುವರೆಗೆ ದೇವರು ಮಾಡಿದ ಒಂದು ಉಪಕಾರ ಒಂದು ಸಾಲು. ಉಪಕಾರದ ಸಾಲು ನಿಜವಾಗಿ ನಡೆದದ್ದಾಗಿರಲಿ.

ಕೊನೆಯ ಸಾಲು ಬಾರದ ದಿನಗಳಿರುತ್ತವೆ. ಆ ದಿನಕ್ಕೆ 88ನೇ ಕೀರ್ತನೆ ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ತಿರುವೇ ಇಲ್ಲ. ಆದರೂ ಹಗಲು ರಾತ್ರಿ ಮೊರೆಯಿಡುವುದು ದೇವರಿಗೇ. ಅಂಥ ದಿನ ಅದನ್ನೇ ಓದಿ ಎದ್ದುಬಿಡಿ, ಬಲವಂತದ ಭರವಸೆ ಬರೆಯಬೇಡಿ.

ದೂರಿಗೂ ಗೊಣಗಾಟಕ್ಕೂ ವ್ಯತ್ಯಾಸ ಕೇಳುವವರಿದ್ದಾರೆ. ದೂರನ್ನು ದೇವರಿಗೆ ಹೇಳುತ್ತೀರಿ, ಗೊಣಗಾಟವನ್ನು ದೇವರ ಬೆನ್ನ ಹಿಂದೆ ಬೇರೆಯವರಿಗೆ. ಮಕ್ಕಳಿಲ್ಲದ ಹನ್ನಳು (1 ಸಮುವೇಲ 1) ವರ್ಷ ವರ್ಷವೂ ಮನೆಯಲ್ಲಿ ಕೆಣಕಿಸಿಕೊಂಡು, ಊಟ ಬಿಟ್ಟು, ಗುಡಾರದಲ್ಲಿ ಅಳುತ್ತ ತುಟಿಯಾಡಿಸುತ್ತಿದ್ದಾಗ ಯಾಜಕ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ. ಮನಸ್ಸನ್ನೆಲ್ಲ ಸುರಿದಾದ ಮೇಲೆ ಅವಳು ಹೋಗಿ ಊಟ ಮಾಡಿದಳು, ಮುಖ ಬದಲಾಯಿತು (1:18). ಆಗ ಮಗು ಇನ್ನೂ ಹೊಟ್ಟೆಯಲ್ಲಿರಲಿಲ್ಲ.

5. ಹರಕೆ, ನೊವೆನಾ, ಉಪವಾಸ

ತುಳುನಾಡಿನಲ್ಲಿ ಹರಕೆ ಎಲ್ಲರ ರಕ್ತದಲ್ಲೂ ಇದೆ. ಕ್ರೈಸ್ತರಾದ ನಾವೂ ಮೇಣದ ಬತ್ತಿ, ಪೂಜೆ, ಕಾಲ್ನಡಿಗೆಯ ಯಾತ್ರೆ ಎಂದು ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳುವ ಮೊದಲು ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ: ಕೇಳಿದ್ದು ಸಿಗದಿದ್ದರೂ ಇದನ್ನು ಮಾಡುತ್ತೇನೆಯೇ? ಇಲ್ಲ ಎಂದಾದರೆ ಅದು ವ್ಯಾಪಾರ, ಬಿಟ್ಟುಬಿಡಿ. ಕೈಯಲ್ಲಿ ಆಗದ್ದನ್ನೂ ಹೇಳಿಕೊಳ್ಳಬೇಡಿ. ಹರಕೆ ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಒಳ್ಳೆಯದು ಎಂದು ಪ್ರಸಂಗಿ (5:4-5) ಹೇಳುತ್ತದೆ. ಮಕ್ಕಳ ಮೇಲೆ ಹರಕೆ ಹೊರಬೇಡಿ, ತೀರಿಸಬೇಕಾದವರು ಅವರಾಗುತ್ತಾರೆ.

ನೊವೆನಾ ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ. ಯೇಸುವಿನ ಸ್ವರ್ಗಾರೋಹಣಕ್ಕೂ ಪೆಂತೆಕೋಸ್ತಿಗೂ ನಡುವೆ ಶಿಷ್ಯರು ಒಟ್ಟಾಗಿ ಕಾದ ದಿನಗಳಿಂದ ಬಂದದ್ದು. ಮೂಲದಲ್ಲೇ ಅದು ಕಾಯುವವರ ಪ್ರಾರ್ಥನೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಜನನದ ಹಬ್ಬ) ಮುಂಚೆ ಆಗಸ್ಟ್ 30ರಿಂದ ಮಕ್ಕಳು ಹೂ ಹಿಡಿದು ಇಗರ್ಜಿಗೆ ಬರುವುದು ಅದೇ ಕ್ರಮದಲ್ಲಿ. ತಪ್ಪಾಗುವುದು ಎಲ್ಲಿ ಎಂದರೆ, ಒಂಬತ್ತನೇ ದಿನವನ್ನು ಉತ್ತರದ ದಿನ ಎಂದುಕೊಳ್ಳುವುದು, ಉತ್ತರ ಬಾರದಿದ್ದಾಗ ಒಂದು ದಿನ ತಪ್ಪಿದ್ದಕ್ಕೇ ಹೀಗಾಯಿತು ಎಂದು ಮತ್ತೆ ಒಂದರಿಂದ ಶುರುಮಾಡುವುದು. ದಿನ ತಪ್ಪಿದರೆ ಮರುದಿನ ಮುಂದುವರಿಸಿ, ಸಾಕು.

ಉಪವಾಸಕ್ಕೆ ವಾರಕ್ಕೊಂದು ದಿನ ಧಾರಾಳ. ಕಥೋಲಿಕ ಸಭೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರಕ್ಕೆ ಇಟ್ಟಿರುವ ಅಳತೆಯೇ (ಒಂದು ಪೂರ್ಣ ಊಟ, ಬೇಕಿದ್ದರೆ ಎರಡು ಸಣ್ಣ ಊಟ, 18 ತುಂಬಿದವರಿಗೆ 59ರವರೆಗೆ) ಒಳ್ಳೆಯ ಅಳತೆ. ನೀರು ಬಿಡಬೇಡಿ. ಸಕ್ಕರೆ ಕಾಯಿಲೆಯ ಮದ್ದು ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು ಊಟ ಬಿಡುವ ಬದಲು ಆ ದಿನ ಮೊಬೈಲ್ ಅಥವಾ ಟಿವಿ ಬಿಡಿ.

6. ಒಬ್ಬರಿಗಾದರೂ ಹೇಳಿ

ಗುಟ್ಟು ಕಾಯುವವರು, ನಿಮ್ಮ ನೆಂಟರಲ್ಲದವರು, ಸಲಹೆ ಕೊಡುವ ಆತುರ ಇಲ್ಲದವರು ಯಾರಿದ್ದಾರೆ ನೋಡಿ. ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರರೋ ಸಭೆಯ ಹಿರಿಯರೋ ಆಗಬಹುದು, ಹುದ್ದೆ ಮುಖ್ಯವಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಸಾಕು.

ಭಾನುವಾರ ತಪ್ಪಿಸಬೇಡಿ. ತಪ್ಪಿಸಲು ಕಾರಣ ಹೆಚ್ಚಾಗಿ ದೇವರ ಮೇಲಿನ ಸಿಟ್ಟಾಗಿರುವುದಿಲ್ಲ, ಪೂಜೆ ಮುಗಿದು ಹೊರಗೆ ಬಂದಾಗ "ಎಂತ, ಇನ್ನೂ ಆಗ್ಲಿಲ್ವಾ?" ಎಂದು ಕೇಳುವವರ ಹೆದರಿಕೆ. ಉತ್ತರವನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ: "ಇಲ್ಲ ಬಾಯಿ, ಆದಾಗ ನಿಮಗೂ ಹೇಳ್ತೇನೆ. ನಿಮ್ಮ ಮೊಣಗಂಟು ನೋವು ಹೇಗಿದೆ?" ಮಾತು ಅಲ್ಲಿಗೆ ತಿರುಗುತ್ತದೆ.

7. ಅಡ್ಡದಾರಿಗಳು

ಪ್ರವಾದಿ ಸಮುವೇಲ ಬರುವ ತನಕ ಗಿಲ್ಗಾಲಿನಲ್ಲಿ ಏಳು ದಿನ ಕಾಯಲು ಅರಸ ಸೌಲನಿಗೆ ಹೇಳಿತ್ತು. ಏಳು ದಿನ ಕಾದ. ಸಮುವೇಲ ಬರಲಿಲ್ಲ, ಜನ ಚದರತೊಡಗಿದರು, ತಾನೇ ಬಲಿ ಅರ್ಪಿಸಿದ. ಅರ್ಪಿಸಿ ಮುಗಿಸುವಷ್ಟರಲ್ಲಿ ಸಮುವೇಲ ಬಂದ (1 ಸಮುವೇಲ 13). ಅಬ್ರಹಾಮ 75ನೇ ವಯಸ್ಸಿಗೆ ಹೊರಟವನು, ಇಸಾಕ ಹುಟ್ಟುವಾಗ 100. ನಡುವೆ 86ರಲ್ಲಿ ದಾಸಿ ಹಾಗರಳಿಂದ ಇಷ್ಮಾಯೇಲ. ಆ ಅವಸರದ ನೋವನ್ನು ಉಂಡವರು ಹಾಗರ ಮತ್ತು ಅವಳ ಮಗ. ಅಡ್ಡದಾರಿಯ ಬೆಲೆ ಹೀಗೆ ಬೇರೆಯವರ ತಲೆಗೂ ಬೀಳುತ್ತದೆ.

ನಮ್ಮಲ್ಲಿ ಕಾಣುವ ಅಡ್ಡದಾರಿಗಳು ಮೂರು. ಒಂದು, "ವೀಸಾ ರೆಡಿ, ದುಡ್ಡು ಇವತ್ತೇ ಬೇಕು" ಎನ್ನುವ ಏಜೆಂಟ್. ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಅವರ ನೋಂದಣಿ ಇದೆಯೇ ನೋಡಿ. ನೋಂದಣಿ ಇರುವವರು ಕೆಲಸಕ್ಕೆ ಹೋಗುವವರಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೆ ರಶೀದಿ ಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸೋಣ ಎಂದರೆ ಎದ್ದು ಬನ್ನಿ. ಎರಡು, ಫೋನಿನಲ್ಲೇ ಪ್ರವಾದನೆ ಹೇಳಿ, ಬಿತ್ತನೆಯ ಕಾಣಿಕೆ ಹಾಕಿದರೆ ಇಂತಿಷ್ಟು ದಿನದಲ್ಲಿ ಬಾಗಿಲು ತೆರೆಯುತ್ತದೆ ಎನ್ನುವವರು. ಇವರು ತಾರೀಕು ಮಾರುವವರು, ಹನನ್ಯನ ದಾರಿಯವರು. ಮೂರು, ಬೇಸತ್ತು ಭವಿಷ್ಯ ಕೇಳಲು ಹೋಗುವುದು. ಅಲ್ಲಿಯೂ ಸಿಗುವುದು ಇನ್ನೊಂದು ತಾರೀಕು.

ಒಂದು ನಿಯಮ ಇಟ್ಟುಕೊಳ್ಳಿ: ಚಿನ್ನ ಅಡವಿಡುವ, ಜಾಗ ಬರೆದುಕೊಡುವ, ಸಂಬಂಧಕ್ಕೆ ಒಪ್ಪುವ ಯಾವ ತೀರ್ಮಾನವನ್ನೂ ಅತ್ತ ದಿನ, ನಿದ್ದೆ ಬಾರದ ರಾತ್ರಿಯ ಮರುದಿನ ಮಾಡಬೇಡಿ. ಏಳು ದಿನ ಬಿಟ್ಟು, 6ನೇ ಹಂತದ ಆ ಒಬ್ಬರಿಗೆ ಹೇಳಿ, ಆಮೇಲೆ ಮಾಡಿ.

8. ಒಣಗಿದ ಮನಸ್ಸೇ, ಕಾಯಿಲೆಯೇ?

ಪ್ರಾರ್ಥನೆಯಲ್ಲಿ ಏನೂ ಅನಿಸದಿರುವುದು, ಓದಿದ್ದು ತಾಗದಿರುವುದು ಕಾಯುವ ಕಾಲದಲ್ಲಿ ಬಂದು ಹೋಗುತ್ತದೆ. ಅಂಥ ವಾರಗಳಲ್ಲಿ 20 ನಿಮಿಷವನ್ನು 10ಕ್ಕೆ ಇಳಿಸಿ, ನಿಲ್ಲಿಸಬೇಡಿ. ಆದರೆ ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದೆ, ಕೆಲಸ ಮಾಡಲಾಗದೆ ಇದ್ದರೆ ಅದು ಖಿನ್ನತೆ ಆಗಿರಬಹುದು. ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಆ ದಿನವೇ ಮನೆಯವರಿಗೆ ಹೇಳಿ, 14416ಕ್ಕೆ (ಟೆಲಿ ಮಾನಸ್) ಫೋನ್ ಮಾಡಿ. ಉಚಿತ, 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಕೇರಳದ ಆರೋಗ್ಯ ಸಹಾಯವಾಣಿ 1056. ಇದನ್ನು ವಿಶ್ವಾಸ ಕಡಿಮೆಯಾದದ್ದಕ್ಕೆ ಗುರುತು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಾಯಬೇಕೆಂದು ಮಲಗಿದ ಎಲೀಯನಿಗೆ ದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು, ಮತ್ತೆ ನಿದ್ದೆ (1 ಅರಸು 19).

9. ತಿಂಗಳಿಗೊಂದು ಪುಟ, ಮತ್ತು ಕಾಯುವಿಕೆ ಮುಗಿದಾಗ

ತಿಂಗಳ ಕೊನೆಯ ಭಾನುವಾರ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ನನ್ನ ಪಾಲಿನ ಕೆಲಸದಲ್ಲಿ ಏನು ಬಾಕಿ? ಹೊಸ ತಾರೀಕು ಯಾವುದಾದರೂ ಮನಸ್ಸಿನೊಳಗೆ ನುಸುಳಿತೇ? ಮೊದಲ ಪುಟದ ವಾಕ್ಯ ಈಗಲೂ ಅದೇ ಇದೆಯೇ?

ವಾಕ್ಯ ಬದಲಾದರೆ ಸೋತಿರೆಂದಲ್ಲ. ಪೌಲ ಮೂರು ಸಲ ಬೇಡಿಕೊಂಡ ಮೇಲೂ ಅವನ ಶರೀರವನ್ನು ಕಾಡುತ್ತಿದ್ದ ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12). ದಾವೀದ ತನ್ನ ಕಾಯಿಲೆಯ ಮಗು ಬದುಕಿರುವ ತನಕ ನೆಲದ ಮೇಲೆ ಬಿದ್ದು ಉಪವಾಸವಿದ್ದು ಬೇಡಿದ. ಮಗು ತೀರಿಕೊಂಡಾಗ ಎದ್ದು, ಮಿಂದು, ಬಟ್ಟೆ ಬದಲಿಸಿ, ಆರಾಧಿಸಿ, ಊಟ ಮಾಡಿದ (2 ಸಮುವೇಲ 12). ಉತ್ತರ "ಇಲ್ಲ" ಎಂದು ಖಚಿತವಾದರೆ (ಲಿಸ್ಟ್ ಮುಗಿದು ವಯಸ್ಸು ದಾಟಿದರೆ, ವೈದ್ಯರು ಸ್ಪಷ್ಟವಾಗಿ ಹೇಳಿದರೆ) ನೋಟ್‌ಬುಕ್‌ನಲ್ಲಿ ಆ ದಿನಾಂಕ ಬರೆದು, ಪಾದ್ರಿಗಳನ್ನೋ ಸಭಾಪಾಲಕರನ್ನೋ ಮನೆಗೆ ಕರೆಸಿ ಪ್ರಾರ್ಥಿಸಿ. ಸತ್ತವರಿಗೆ ಅಳುವ ಹಾಗೆ ಅಳಲು ಕಾಲ ಬಿಡಿ. ಹೊಸ ವಾಕ್ಯ ಬರೆಯಲು ಅವಸರ ಮಾಡಬೇಡಿ.

ಕೇಳಿದ್ದು ಸಿಕ್ಕಿತೇ? ಹೇಳಿಕೊಂಡ ಹರಕೆಯನ್ನು ಒಂದು ತಿಂಗಳೊಳಗೆ ತೀರಿಸಿ, ಮುಂದಕ್ಕೆ ಹಾಕಿದ್ದು ಹೆಚ್ಚಾಗಿ ಹಾಗೇ ಉಳಿಯುತ್ತದೆ. ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು, ನಿಮ್ಮ ಜೊತೆ ಅದೇ ವಿಷಯಕ್ಕೆ ಇನ್ನೂ ಕಾಯುತ್ತಿರುವವರಿಗೆ ಖುದ್ದಾಗಿ ಹೇಳಿ. ಸಭೆಯಲ್ಲಿ ಸಾಕ್ಷಿ ಹೇಳಲು ಕರೆದರೆ ಎಷ್ಟು ವರ್ಷ ಹಿಡಿಯಿತು, ನಡುವೆ ಯಾವಾಗ ಪ್ರಾರ್ಥನೆ ನಿಂತಿತ್ತು, ಯಾರು ಕೈಹಿಡಿದರು ಎಂಬುದನ್ನೂ ಹೇಳಿ. "ಬಿಡದೆ ನಂಬಿದ್ದಕ್ಕೆ ಸಿಕ್ಕಿತು" ಎಂದು ಮಾತ್ರ ಹೇಳಬೇಡಿ. ಹಿಂದಿನ ಬೆಂಚಿನಲ್ಲಿ ಸಿಗದವರೂ ಕೂತಿರುತ್ತಾರೆ, ಅವರೂ ಬಿಡದೆ ನಂಬಿದವರೇ.